ಇಬ್ಬರ ನಡುವೆ ನಿಂತದ್ದೇನು? ಪ್ರೇಮ ಕಾದಂಬರಿ ಓದುವವರಿಗೆ, ಬರೆಯುವವರಿಗೆ

ಪ್ರೇಮ ಕಾದಂಬರಿ ಬರೆಯುವ ಆಸೆ ಇಟ್ಟುಕೊಂಡವರು ನನ್ನಂಥ ಧಾರಾವಾಹಿ ಲೇಖಕಿಯರನ್ನು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಏನು ಓದಬೇಕು? ದಿನಕ್ಕೆ ಎಷ್ಟು ಬರೆಯಬೇಕು? ಉತ್ತರ ಕೊಡುವ ಮೊದಲು ನಾನೊಂದು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಕಥೆಯ ಇಬ್ಬರ ನಡುವೆ ಅಡ್ಡ ನಿಂತಿರುವುದು ಯಾವುದು? ಆಗ ಹೆಚ್ಚಿನವರು ಮೊದಲ ಭೇಟಿಯ ಮಳೆ, ಅವನ ಕಣ್ಣು, ಅವಳ ನಗು ಎಲ್ಲವನ್ನೂ ಚೆನ್ನಾಗಿ ಹೇಳುತ್ತಾರೆ. ಅಡ್ಡಿಯ ಮಾತು ಬಂದಾಗ ಮಾತ್ರ ‘ಏನೋ ಒಂದು ತಪ್ಪು ತಿಳುವಳಿಕೆ’ ಎಂದು ನಿಲ್ಲಿಸುತ್ತಾರೆ. ಒಂದು ಫೋನ್ ಮಾಡಿದರೆ ಬಗೆಹರಿಯುವ ತಪ್ಪು ತಿಳುವಳಿಕೆಯ ಮೇಲೆ ಮುನ್ನೂರು ಪುಟದ ಕಾದಂಬರಿ ನಿಲ್ಲುವುದಿಲ್ಲ. ಇಬ್ಬರಿಗೂ ಪ್ರೀತಿ ಹುಟ್ಟಿತು ಎಂಬುದನ್ನು ಓದುಗರು ಬೇಗ ಒಪ್ಪಿಕೊಂಡುಬಿಡುತ್ತಾರೆ. ಅವರನ್ನು ಕೊನೆಯ ಪುಟದ ತನಕ ಎಳೆದುಕೊಂಡು ಹೋಗುವುದು ಆ ಅಡ್ಡಿ. ಹಾಗಾಗಿ ಕೆಳಗಿನ ಪುಸ್ತಕಗಳನ್ನು ನಾನು ಲೇಖಕರ ಹಿರಿಮೆ ನೋಡಿ ಆರಿಸಿಲ್ಲ. ಪ್ರತಿಯೊಂದರಲ್ಲೂ ಅಡ್ಡಿ ಬೇರೆ ಬೇರೆ ಬಗೆಯದು ಎಂಬ ಕಾರಣಕ್ಕೆ ಆರಿಸಿದ್ದೇನೆ.

ತ್ರಿವೇಣಿಯಿಂದ ಶುರುಮಾಡಿ

ಕನ್ನಡದಲ್ಲಿ ಈ ಪ್ರಕಾರ ಕಲಿಯುವವರಿಗೆ ತ್ರಿವೇಣಿಗಿಂತ ಒಳ್ಳೆಯ ಗುರು ಇಲ್ಲ. ಅವರ ನಿಜವಾದ ಹೆಸರು ಅನಸೂಯಾ ಶಂಕರ್. 1928ರಲ್ಲಿ ಹುಟ್ಟಿದ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದರು. ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ, ಅವರು ತೀರಿಕೊಂಡದ್ದು 1963ರ ಜುಲೈನಲ್ಲಿ, ಹೆರಿಗೆಯಾದ ಕೆಲವೇ ದಿನಗಳಿಗೆ. ಈ ಹತ್ತು ವರ್ಷಗಳ ಒಳಗೆ ಸುಮಾರು ಇಪ್ಪತ್ತು ಕಾದಂಬರಿ, ಮೂರು ಕಥಾಸಂಕಲನ. ಅವರ ಪಾತ್ರಗಳು ಪ್ರೀತಿಸುವಾಗಲೂ ಒಳಗೊಳಗೇ ಲೆಕ್ಕ ಹಾಕುತ್ತವೆ, ಹೆದರುತ್ತವೆ, ತಮಗೇ ಸುಳ್ಳು ಹೇಳಿಕೊಳ್ಳುತ್ತವೆ. ಮನಃಶಾಸ್ತ್ರದ ಓದು ಅವರ ಕೈಗೆ ಕೊಟ್ಟದ್ದು ಇದನ್ನೇ ಎಂದು ನನ್ನ ನಂಬಿಕೆ.

ಮೊದಲು ‘ಬೆಳ್ಳಿಮೋಡ’ ಓದಿ. ಇಂದಿರಾ ಕಾಫಿ ತೋಟದ ಸಾಹುಕಾರರ ಒಬ್ಬಳೇ ಮಗಳು. ಮೋಹನನಿಗೆ ಅಮೆರಿಕಕ್ಕೆ ಹೋಗಿ ಓದುವ ಆಸೆ, ಕೈಯಲ್ಲಿ ದುಡ್ಡಿಲ್ಲ. ಇಂದಿರೆಯ ತಂದೆ ಖರ್ಚು ಕೊಡುತ್ತಾರೆ, ಮದುವೆ ನಿಶ್ಚಯವಾಗುತ್ತದೆ, ಅವನು ಹೋಗುತ್ತಾನೆ. ಅವನು ಅಲ್ಲಿರುವಾಗ ಇಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ಈಗ ಇನ್ನೊಬ್ಬ ವಾರಸುದಾರ. ಮೋಹನ ಹಿಂದೆ ಸರಿಯುತ್ತಾನೆ. ಲೇಖಕಿ ಮಾಡಿದ ಕೆಲಸವನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಅಡ್ಡಿಯಾಗಿ ಬಂದದ್ದು ಒಂದು ಎಳೆಗೂಸು. ಅದರ ಮೇಲೆ ಯಾರೂ ಸಿಟ್ಟು ಮಾಡಿಕೊಳ್ಳುವಂತಿಲ್ಲ, ಇಂದಿರೆಗಂತೂ ಸಾಧ್ಯವೇ ಇಲ್ಲ. ಹೆತ್ತ ತಾಯಿ ತೀರಿಕೊಂಡ ಮೇಲೆ ಅದನ್ನು ಎತ್ತಿ ಬೆಳೆಸಬೇಕಾದವಳೇ ಅವಳು. ಮೋಹನನ ಪ್ರೀತಿಯ ಒಳಗೆ ಮೊದಲಿನಿಂದ ಏನಿತ್ತು ಎಂಬುದು ಆ ಮಗುವಿನಿಂದ ಬಯಲಾಗುತ್ತದೆ. ಕೊನೆಗೆ ಅವನು ಗಾಯಗೊಂಡು ಅದೇ ಮನೆಯಲ್ಲಿ ಮಲಗಿದಾಗ ಅವಳು ಶುಶ್ರೂಷೆ ಮಾಡುತ್ತಾಳೆ, ಅವನು ಪಶ್ಚಾತ್ತಾಪಪಡುತ್ತಾನೆ. ಇಲ್ಲಿ ಸಾಧಾರಣ ಲೇಖಕರು ಇಬ್ಬರನ್ನೂ ಸೇರಿಸಿ ಶುಭಂ ಹೇಳುತ್ತಿದ್ದರು. ಇಂದಿರಾ ಒಪ್ಪುವುದಿಲ್ಲ. ಹೊರಗಿನ ಅಡ್ಡಿ ಕರಗಿದ ಹೊತ್ತಿಗೆ ಅವಳೊಳಗೆ ಇನ್ನೊಂದು ಎದ್ದು ನಿಂತಿರುತ್ತದೆ, ಮತ್ತು ಅದು ಎದ್ದುನಿಂತದ್ದು ಸರಿ ಎಂದು ನಮಗೂ ಅನ್ನಿಸುತ್ತದೆ. ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ಇದೇ ಕಥೆಯದು, 1967ರದು. ಪುಸ್ತಕ ಮುಗಿಸಿದ ಮೇಲೆ ಚಿತ್ರ ನೋಡಿ. ಪುಸ್ತಕದಲ್ಲಿ ಮನಸ್ಸಿನ ಮಾತಾಗಿ ಬಂದದ್ದನ್ನು ಚಿತ್ರ ಎಲ್ಲೆಲ್ಲಿ ಹಾಡಿಗೆ ಒಪ್ಪಿಸಿದೆ, ಎಲ್ಲೆಲ್ಲಿ ಇಂದಿರೆಯಾಗಿ ನಟಿಸಿದ ಕಲ್ಪನಾ ಅವರ ಮುಖಕ್ಕೆ ಒಪ್ಪಿಸಿದೆ ಎಂದು ಗುರುತು ಹಾಕಿಕೊಳ್ಳಿ.

ಎರಡನೆಯದು ‘ಶರಪಂಜರ’. ಇದರಲ್ಲಿ ಅಡ್ಡಿ ಮದುವೆಯ ನಂತರ ಬರುತ್ತದೆ. ಮೆಚ್ಚಿ ಮದುವೆಯಾದ ಕಾವೇರಿ ಬಾಣಂತನದ ಹೊತ್ತಿಗೆ ಮಾನಸಿಕವಾಗಿ ಅಸ್ವಸ್ಥಳಾಗುತ್ತಾಳೆ, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳುತ್ತಾಳೆ. ಆಮೇಲೆ ಅವಳ ಪ್ರತಿಯೊಂದು ನಗುವನ್ನೂ ಸಿಟ್ಟನ್ನೂ ಸುತ್ತಲಿನವರು ಹಳೆಯ ರೋಗದ ಲೆಕ್ಕಕ್ಕೆ ಬರೆಯುತ್ತಾರೆ, ಗಂಡನೂ ಅವರಲ್ಲೊಬ್ಬ. ಕಾಯಿಲೆ ವಾಸಿಯಾದರೂ ಸಂಶಯ ವಾಸಿಯಾಗದ ಕಥೆ ಇದು. ಹೆರಿಗೆಯ ನಂತರದ ಮಾನಸಿಕ ಕಾಯಿಲೆಯ ಬಗ್ಗೆ ಮನೆಗಳಲ್ಲಿ ಬಾಯಿಬಿಡದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಇದನ್ನು ಜನಪ್ರಿಯ ಕಾದಂಬರಿಯಾಗಿ ಬರೆದರು ಎಂಬುದಕ್ಕೆ ನನಗೆ ಇಂದಿಗೂ ಅಪಾರ ಗೌರವ. ‘ಮದುವೆಯಾಯಿತು, ಕಥೆ ಮುಗಿಯಿತು’ ಎಂದುಕೊಂಡವರು ಇದನ್ನು ಓದಲೇಬೇಕು.

ಮನೆಯ ಹೊರಗೆ ಒಂದಷ್ಟು

ಶರಚ್ಚಂದ್ರ ಚಟ್ಟೋಪಾಧ್ಯಾಯರ ‘ಪರಿಣೀತಾ’ 1914ರದು, ಪುಟ್ಟ ಪುಸ್ತಕ, ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ಲಲಿತೆಯ ಮಾವ ತಮ್ಮ ಮನೆಯನ್ನು ಶೇಖರನ ತಂದೆಗೇ ಅಡವಿಟ್ಟಿದ್ದಾರೆ. ಅಕ್ಕಪಕ್ಕದ ಮನೆ, ಸಲುಗೆ, ಅದರ ಕೆಳಗೆ ಸಾಲ. ಮದುವೆಗೆ ಒಳ್ಳೆಯ ಮುಹೂರ್ತವಿದ್ದ ಒಂದು ರಾತ್ರಿ ಅವಳು ತಮಾಷೆಗೆ ಅವನ ಕೊರಳಿಗೆ ಹೂಮಾಲೆ ಹಾಕುತ್ತಾಳೆ, ಅವನು ಅದನ್ನು ಅವಳಿಗೆ ಮರಳಿ ಹಾಕುತ್ತಾನೆ. ಊರಿಗೆ ಗೊತ್ತಿಲ್ಲದ ಆ ಮದುವೆಯನ್ನು ಅವಳು ಮಾತ್ರ ನಿಜವೆಂದು ಹಿಡಿದುಕೊಂಡಿರುತ್ತಾಳೆ. ಹತ್ತು ಪುಟದ ಪ್ರೇಮಾಲಾಪ ಮಾಡದ ಕೆಲಸವನ್ನು ಒಂದು ಮಾಲೆ ಮಾಡುತ್ತದೆ. ನಿಮ್ಮ ಕಥೆಯಲ್ಲೂ ಇಂಥ ಒಂದು ವಸ್ತು, ಒಂದು ಕ್ರಿಯೆ ಇದೆಯೇ ಎಂದು ಹುಡುಕಿ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನು ಪ್ರೇಮಕಥೆಯಾಗಿ ಓದುವವರು ಕಡಿಮೆ. ನಾನು ಹಾಗೂ ಓದುತ್ತೇನೆ. ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ. ಒಂದೇ ಕಾಡು, ಒಂದೇ ಮಳೆ, ಆದರೆ ಜೀತದಾಳಿಗೆ ಬರುವ ಅಡ್ಡಿ ಬೇರೆ, ಗೌಡರ ಮನೆಯ ಹುಡುಗಿಗೆ ಬರುವ ಅಡ್ಡಿ ಬೇರೆ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗಬೇಕಾದರೆ ಒಡೆಯರನ್ನು ಎದುರುಹಾಕಿಕೊಳ್ಳಬೇಕು. ಚಿನ್ನಮ್ಮ ಇಷ್ಟವಿಲ್ಲದ ಮದುವೆಯ ಹಿಂದಿನ ರಾತ್ರಿ ಮನೆ ಬಿಡುವಾಗ ಅಜ್ಜಿಯನ್ನೂ ಅಪ್ಪನನ್ನೂ ಬಿಟ್ಟು ಹೊರಡಬೇಕು. ಪುಸ್ತಕ ದೊಡ್ಡದು, ಅವಸರ ಮಾಡಬೇಡಿ.

ಇಂಗ್ಲಿಷ್ ಓದಬಲ್ಲವರು ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಹೇಗೂ ಓದಿರುತ್ತೀರಿ. ನಾನು ಕೈಗೆ ಕೊಡುವುದು ಅವಳ ಕೊನೆಯ ಪೂರ್ಣ ಕಾದಂಬರಿ ‘ಪರ್ಸ್ಯುಯೇಶನ್’. ಎಂಟು ವರ್ಷದ ಹಿಂದೆ ಹಿತೈಷಿಯೊಬ್ಬರ ಮಾತು ಕೇಳಿ ಆನ್ ಎಲಿಯಟ್, ಕೈಯಲ್ಲಿ ಕಾಸಿಲ್ಲದ ನೌಕಾಪಡೆಯ ಅಧಿಕಾರಿ ವೆಂಟ್‌ವರ್ತ್‌ನನ್ನು ಬೇಡ ಎಂದಿದ್ದಳು. ಈಗ ಅವನು ಹಣವಂತನಾಗಿ ಮರಳಿದ್ದಾನೆ, ಅವಳ ಮೇಲಿನ ನೋವು ಹಾಗೇ ಇದೆ.

ಈ ಪುಸ್ತಕದಿಂದ ಲೇಖಕರಿಗೆ ಸಿಗುವ ಪಾಠಕ್ಕೆ ಒಂದು ವಿಶೇಷ ಕಾರಣವಿದೆ. 1816ರ ಜುಲೈಯಲ್ಲಿ ಕಾದಂಬರಿ ಮುಗಿಸಿದ ಆಸ್ಟಿನ್‌ಗೆ ಕೊನೆ ಸಮಾಧಾನ ಕೊಡಲಿಲ್ಲ. ಕೆಲವೇ ವಾರಗಳಲ್ಲಿ ಅದನ್ನು ತಿರುಗಿ ಬರೆದಳು. ಕೈಬಿಟ್ಟ ಪುಟಗಳ ಹಸ್ತಪ್ರತಿ ಉಳಿದಿದೆ, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅವಳ ಪ್ರಕಟಿತ ಕಾದಂಬರಿಗಳಲ್ಲಿ ಅವಳದೇ ಕೈಬರಹ ಉಳಿದಿರುವುದು ಈ ಭಾಗಕ್ಕೆ ಮಾತ್ರ. ಹಲವು ಮುದ್ರಣಗಳು ಅದನ್ನು ಅನುಬಂಧವಾಗಿ ಕೊಡುತ್ತವೆ. ಅಂಥ ಪ್ರತಿಯನ್ನೇ ಕೊಳ್ಳಿ.

ಮೊದಲ ಕರಡಿನಲ್ಲಿ ಇಬ್ಬರನ್ನೂ ಕೂಡಿಸುವವರು ಮೂರನೆಯವರು. ಆನ್ ತನ್ನ ದಾಯಾದಿಯನ್ನು ಮದುವೆಯಾಗುತ್ತಾಳೆ ಎಂಬ ಸುದ್ದಿ ಕೇಳಿದ ಅಡ್ಮಿರಲ್ ಕ್ರಾಫ್ಟ್, ಹಾಗಿದ್ದರೆ ತಾನು ಬಾಡಿಗೆಗೆ ಹಿಡಿದಿರುವ ಅವಳ ತೌರಿನ ಬಂಗಲೆಯನ್ನು ಬಿಟ್ಟುಕೊಡಬೇಕೇ ಎಂದು ಕೇಳಿ ಬಾ ಎಂದು ವೆಂಟ್‌ವರ್ತ್‌ನನ್ನೇ ಕಳಿಸುತ್ತಾನೆ. ಅವನು ಮುಜುಗರದಿಂದ ಕೇಳುತ್ತಾನೆ, ಅವಳು ಅಂಥದ್ದೇನೂ ಇಲ್ಲ ಎನ್ನುತ್ತಾಳೆ, ಇಬ್ಬರೂ ಒಂದಾಗುತ್ತಾರೆ. ದೃಶ್ಯ ಕೆಟ್ಟದ್ದೇನಲ್ಲ. ಆದರೆ ಅದರಲ್ಲಿ ಆನ್ ಉತ್ತರ ಹೇಳುವವಳು ಮಾತ್ರ. ತಿದ್ದಿದ ರೂಪದಲ್ಲಿ ಬಾತ್ ಊರಿನ ಒಂದು ತಂಗುಮನೆಯ ಕೋಣೆ, ತುಂಬ ಜನ. ಹೆಣ್ಣು ಹೆಚ್ಚು ಕಾಲ ಪ್ರೀತಿಸುತ್ತಾಳೋ ಗಂಡೋ ಎಂದು ಆನ್ ಅವನ ಗೆಳೆಯನೊಂದಿಗೆ ಕಿಟಕಿಯ ಬಳಿ ವಾದ ಮಾಡುತ್ತಿದ್ದಾಳೆ. ವೆಂಟ್‌ವರ್ತ್ ಅದೇ ಕೋಣೆಯಲ್ಲಿ ಮೇಜಿನ ಮುಂದೆ ಕೂತು ಯಾವುದೋ ಕಾಗದ ಬರೆಯುತ್ತಿದ್ದಾನೆ. ಅವನ ಲೇಖನಿ ಕೆಳಗೆ ಬೀಳುತ್ತದೆ. ಅವನಿಗೆ ಇಷ್ಟು ಹತ್ತಿರದಿಂದ ಕೇಳಿಸುತ್ತಿರಬಹುದು ಎಂದು ಅವಳಿಗೆ ಆಗ ಹೊಳೆಯುತ್ತದೆ. ಅವಳು ಸಾಮಾನ್ಯ ವಿಷಯವೆಂಬಂತೆ ಆಡಿದ ಮಾತನ್ನು ಕೇಳುತ್ತಲೇ ಅವನು ಇನ್ನೊಂದು ಕಾಗದವನ್ನು ಅವಳಿಗೆಂದೇ ಬರೆದು ಬಿಟ್ಟುಹೋಗುತ್ತಾನೆ. ಎಂಟು ವರ್ಷದ ಹಿಂದೆ ಬೇರೆಯವರ ಮಾತಿಗೆ ತಲೆಬಾಗಿ ಕಳೆದುಕೊಂಡದ್ದನ್ನು ಅವಳು ಈಗ ತನ್ನದೇ ಮಾತಿನಿಂದ ಪಡೆಯುತ್ತಾಳೆ. ಒಂದು ಅಧ್ಯಾಯವಿದ್ದ ಜಾಗದಲ್ಲಿ ಎರಡು ಅಧ್ಯಾಯ ಬಂದವು, ಅಡ್ಡಿಗೂ ಪರಿಹಾರಕ್ಕೂ ನಂಟು ಬಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವುದಕ್ಕಿಂತ ಒಳ್ಳೆಯ ಕಾದಂಬರಿ ಕಮ್ಮಟ ನನಗೆ ಗೊತ್ತಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಡಾಫ್ನಿ ಡು ಮೋರಿಯೆಯ ‘ರೆಬೆಕಾ’ (1938): ಗಂಡಹೆಂಡಿರ ನಡುವೆ ನಿಂತವಳು ಸತ್ತುಹೋದ ಮೊದಲ ಹೆಂಡತಿ. ಉಷಾ ನವರತ್ನರಾಂ ಅವರ ‘ಬಂಧನ’: ಅವನದು ಪ್ರೇಮ, ಅವಳದು ಸ್ನೇಹ, ಅವಳ ತಪ್ಪೇನೂ ಇಲ್ಲ, 1984ರಲ್ಲಿ ಚಿತ್ರವಾಗಿ ನಾಡಿನಾದ್ಯಂತ ಕಣ್ಣೀರು ತರಿಸಿತು. ವಾಣಿ ಅವರ ‘ಎರಡು ಕನಸು’, ‘ಶುಭಮಂಗಳ’ ಮನೆಯೊಳಗಿನ ಮೌನಗಳನ್ನು ಕಲಿಸುತ್ತವೆ. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯಲ್ಲಿ ಹುಟ್ಟೇ ಅಡ್ಡಿ. ಸಾಯಿಸುತೆ ಅವರ ನೂರಕ್ಕೂ ಹೆಚ್ಚು ಕಾದಂಬರಿಗಳಲ್ಲಿ ಕೈಗೆ ಸಿಕ್ಕಿದ್ದನ್ನು ಓದಿ. ಓದುಗರನ್ನು ಪುಟದಿಂದ ಪುಟಕ್ಕೆ ಸಲೀಸಾಗಿ ಸಾಗಿಸುವ ಸಂಭಾಷಣೆ ಅಲ್ಲಿದೆ.

ಒಂದು ಬಗೆಯ ಕಥೆಯನ್ನು ಮಾತ್ರ ಎಚ್ಚರದಿಂದ ಓದಿ ಎನ್ನುತ್ತೇನೆ. ಸೊಕ್ಕಿನ ಸಿರಿವಂತ ಹುಡುಗಿಯನ್ನು ಗಂಡ ‘ದಾರಿಗೆ ತರುವ’ ಕಥೆ. ಎಚ್.ಜಿ. ರಾಧಾದೇವಿಯವರ ಕಾದಂಬರಿ ಆಧರಿಸಿ 1986ರಲ್ಲಿ ಬಂದ ‘ಅನುರಾಗ ಅರಳಿತು’ ಚಿತ್ರ ಇದೇ ಜಾಡಿನದು. ಅದು ತಮಿಳಿಗೆ, ತೆಲುಗಿಗೆ, ಹಿಂದಿಗೂ ಹೋಯಿತು. ಅದರ ಕಟ್ಟುವಿಕೆ ಬಿಗಿಯಾಗಿದೆ, ಕಲಿಯಲು ಬೇಕಾದಷ್ಟಿದೆ. ಆದರೆ ಹೆಣ್ಣಿನ ಬುದ್ಧಿ ಮತ್ತು ದುಡಿಮೆಯನ್ನೇ ಅಡ್ಡಿ ಎಂದು ಗುರುತಿಸಿ ಅದು ಕರಗಿದರೆ ಸುಖಾಂತ್ಯ ಎನ್ನುವ ಲೆಕ್ಕವನ್ನು ಇವತ್ತು ಬರೆಯಲು ಕೂತವರು ಮುಂದುವರಿಸಬಾರದು.

ಎರಡು ಸಲ ಓದುವುದು

ಮೊದಲ ಸಲ ಸುಖಕ್ಕಾಗಿ ಓದಿ, ಪೆನ್ಸಿಲ್ ಮುಟ್ಟಬೇಡಿ. ಎರಡನೆಯ ಸಲ ಒಂದು ನೋಟ್‌ಬುಕ್ಕಿನಲ್ಲಿ ಅಧ್ಯಾಯಕ್ಕೆ ಒಂದೇ ಸಾಲು ಬರೆಯುತ್ತ ಹೋಗಿ: ಈ ಅಧ್ಯಾಯ ಮುಗಿದಾಗ ಇಬ್ಬರೂ ಹತ್ತಿರವಾದರೇ, ದೂರವಾದರೇ, ಯಾಕೆ? ಪಕ್ಕದಲ್ಲಿ ಇನ್ನೊಂದು ಕಲಮು: ಓದುಗರಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದ ಸಂಗತಿ ಯಾವುದು? ‘ಪರಿಣೀತಾ’ದಲ್ಲಿ ಆ ಎರಡನೆಯ ಕಲಮು ಬಹುಪಾಲು ತುಂಬಿರುತ್ತದೆ, ಅದಕ್ಕೇ ಅದು ಅಷ್ಟು ಬಿಗಿ. ನಿಮ್ಮದೇ ಹಸ್ತಪ್ರತಿಗೂ ಇದನ್ನೇ ಮಾಡಿ. ಸಾಲಾಗಿ ಮೂರು ಅಧ್ಯಾಯದಲ್ಲಿ ಇಬ್ಬರೂ ಇದ್ದಲ್ಲೇ ಇದ್ದರೆ ನಡುವಿನದನ್ನು ತೆಗೆದುಹಾಕಬಹುದು.

ಬರೆಯುವ ದಿನ

ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ಬೆಳಗಿನ ಐದೂವರೆಗೆ ಕೂತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಆತ್ಮಕಥೆಯಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ. ಅವನಿಗೆ ಕಾಫಿ ತಂದುಕೊಡಲು ಆಳು ಇದ್ದ ಎಂಬುದೂ ಅದರಲ್ಲೇ ಇದೆ. ನಮ್ಮ ಲೇಖಕಿಯರ ದಿನ ಬೇರೆ ಥರದ್ದು. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ‘ವಯಸ್ಸಾಯಿತು, ಇನ್ನೇನು ಬರೆಯುವುದು’ ಎನ್ನುವ ಗೃಹಿಣಿಯರಿಗೆ ನಾನು ಈ ಎರಡು ಇಸವಿಗಳನ್ನು ಹೇಳುತ್ತೇನೆ. ಸಮಯದ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: ದಿನದ ಯಾವ ಹೊತ್ತು ನಿಮ್ಮನ್ನು ಯಾರೂ ಕರೆಯುವುದಿಲ್ಲವೋ ಅದನ್ನು ಹಿಡಿದುಕೊಳ್ಳಿ, ಅರ್ಧ ಗಂಟೆಯಾದರೂ ಸರಿ. ಮನೆಯವರಿಗೆ ಆ ಹೊತ್ತನ್ನು ಬಾಯಿಬಿಟ್ಟು ತಿಳಿಸಿ.

ವಾರಪತ್ರಿಕೆಗೆ ಧಾರಾವಾಹಿ ಬರೆಯುವ ಅವಕಾಶ ಬಂದರೆ ಇಡೀ ಕಾದಂಬರಿಯ ಒಂದು ಕರಡು ಮುಗಿಸಿಯೇ ಮೊದಲ ಕಂತು ಕೊಡಿ. ಮನೆಯಲ್ಲಿ ಮದುವೆ, ಮಗುವಿಗೆ ಜ್ವರ, ಹಬ್ಬ ಯಾವುದೂ ಪತ್ರಿಕೆ ಅಚ್ಚಿಗೆ ಹೋಗುವ ದಿನವನ್ನು ಮುಂದೂಡುವುದಿಲ್ಲ. ಕಂತಿನ ಕೊನೆಯಲ್ಲಿ ಪ್ರತಿ ವಾರ ಅಪಘಾತ, ಬಾಗಿಲು ತಟ್ಟುವ ಸದ್ದು ತಂದರೆ ಓದುಗರು ನಾಲ್ಕನೆಯ ವಾರಕ್ಕೆ ಬೇಸತ್ತುಹೋಗುತ್ತಾರೆ. ಒಬ್ಬರು ತೆಗೆದುಕೊಂಡ ತೀರ್ಮಾನ ಇನ್ನೊಬ್ಬರಿಗೆ ಇನ್ನೂ ತಿಳಿದಿಲ್ಲ ಎನ್ನುವಲ್ಲಿ ನಿಲ್ಲಿಸಿ ನೋಡಿ, ಮುಂದಿನ ವಾರದ ತನಕ ಕಾಯುತ್ತಾರೆ.

ವಿವರಗಳ ಪುಸ್ತಕವೊಂದು ಬೇರೆ ಇರಲಿ. ಇಂಗ್ಲೆಂಡಿನ ಕಾದಂಬರಿಗಾರ್ತಿ ಜಾರ್ಜೆಟ್ ಹೇಯರ್ ತಮ್ಮ ಕಥೆಗಳ ಕಾಲದ ಗಾಡಿ, ಬಟ್ಟೆ, ಬೆಲೆ, ಬೈಗುಳ ಎಲ್ಲವನ್ನೂ ನೋಟ್‌ಬುಕ್ಕುಗಳಲ್ಲಿ ಟಿಪ್ಪಣಿ ಮಾಡಿಡುತ್ತಿದ್ದರು. ನಮಗೆ ಬೇಕಾದದ್ದು ನಮ್ಮ ಪಂಚಾಂಗ, ನಮ್ಮ ಹವೆ, ನಮ್ಮ ಕಸುಬುಗಳ ಟಿಪ್ಪಣಿ. ಆಷಾಢದಲ್ಲಿ ಹೊಸ ಮದುಮಗಳು ತವರಿಗೆ ಹೋಗುತ್ತಾಳೆ. ಒಂದು ತಿಂಗಳ ಅಗಲಿಕೆ ಕಥೆಗಾರರಿಗೆ ತಾನಾಗಿ ಸಿಕ್ಕಂತೆ. ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಬೇಸಿಗೆಯ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ, ಕೆಲವೇ ದಿನ ಇರುತ್ತದೆ. ನಾಯಕಿಯನ್ನು ಆಗಸ್ಟ್ ಮಳೆಯಲ್ಲಿ ಕಾಫಿ ಹೂವಿನ ನಡುವೆ ನಿಲ್ಲಿಸಿದರೆ ಮಲೆನಾಡಿನ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ನಾಯಕ ನರ್ಸ್ ಆಗಿದ್ದರೆ ಪಾಳಿ ಬದಲಾಗುವುದು ಎಷ್ಟು ಗಂಟೆಗೆ ಎಂದು ನಿಜವಾದ ನರ್ಸನ್ನು ಕೇಳಿ ತಿಳಿದುಕೊಳ್ಳಿ. ಇಬ್ಬರಿಗೂ ರಾತ್ರಿ ಪಾಳಿ ಬೇರೆ ಬೇರೆ ವಾರಕ್ಕೆ ಬೀಳುವುದೇ ಇವತ್ತಿನ ಕಾಲದ ದೊಡ್ಡ ಅಡ್ಡಿಯಾಗಬಹುದು. ಇಳಿವಯಸ್ಸಿನ ತಾಯಿಯನ್ನು ನೋಡಿಕೊಳ್ಳಬೇಕಾದ ಒಬ್ಬಳೇ ಮಗಳು, ವೀಸಾ, ಮನೆ ಸಾಲದ ಕಂತು, ಜಾತಿ; ನಮ್ಮ ಸುತ್ತ ನಿಜವಾದ ಅಡ್ಡಿಗಳಿಗೆ ಬರವಿಲ್ಲ.

ಅಚ್ಚಿಗೆ ಕೊಡುವಾಗ

ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಆದರೆ ಅನೇಕ ಪ್ರಕಾಶಕರ ಡಿಟಿಪಿ ಇನ್ನೂ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ನಡೆಯುತ್ತದೆ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಕೆಡುವುದುಂಟು, ಆದ್ದರಿಂದ ಕರಡು ತಿದ್ದುವ ಕೆಲಸವನ್ನು ಬೇರೆಯವರಿಗೆ ಪೂರ್ತಿ ಬಿಡಬೇಡಿ. ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕಂತು ಕಂತಾಗಿ ಬರೆದರೆ ಓದುಗರ ಪ್ರತಿಕ್ರಿಯೆ ಆಗಿಂದಾಗಲೇ ಸಿಗುತ್ತದೆ. ಮುಂದೆ ಪುಸ್ತಕ ಮಾಡುವ ಉದ್ದೇಶವಿದ್ದರೆ ಅಲ್ಲಿನ ಷರತ್ತುಗಳನ್ನು ಮೊದಲೇ ಓದಿಕೊಳ್ಳಿ.

ಹಕ್ಕಿನ ವಿಷಯದಲ್ಲಿ ಕನ್ನಡದ ಲೇಖಕಿಯರು ಸಂಕೋಚಪಟ್ಟು ನಷ್ಟ ಮಾಡಿಕೊಂಡದ್ದು ಸಾಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು, ನಿಮ್ಮ ಸಹಿ ಇರಬೇಕು. ಅವಧಿ ಎಷ್ಟೆಂದು ಒಪ್ಪಂದದಲ್ಲಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದು ಕಾನೂನು ಭಾವಿಸುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ. ಧಾರಾವಾಹಿ, ಪುಸ್ತಕ, ಇ-ಪುಸ್ತಕ, ಆಡಿಯೊ, ಅನುವಾದ, ಚಲನಚಿತ್ರ ಇವೆಲ್ಲ ಬೇರೆ ಬೇರೆ ಹಕ್ಕುಗಳು, ಒಂದೇ ಸಾಲಿನಲ್ಲಿ ‘ಸಕಲ ಹಕ್ಕುಗಳೂ’ ಎಂದು ಬರೆದುಕೊಡಬೇಡಿ. ಚಿತ್ರದ ಹಕ್ಕನ್ನಂತೂ ಪ್ರತ್ಯೇಕ ಪತ್ರದಲ್ಲೇ ಮಾತಾಡಿ. ಕಾದಂಬರಿ ಆಧಾರಿತ ಚಿತ್ರಗಳಿಂದ ಕನ್ನಡ ಚಿತ್ರರಂಗ ಎಷ್ಟು ಬೆಳೆದಿದೆ ಎಂಬುದಕ್ಕೆ ಮೇಲಿನ ಪಟ್ಟಿಯೇ ಸಾಕ್ಷಿ. ಕೃತಿಸ್ವಾಮ್ಯ ಲೇಖಕರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಇರುತ್ತದೆ. ಆ ಲೆಕ್ಕದಲ್ಲಿ ತ್ರಿವೇಣಿಯವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕಿನ ಅವಧಿ 2023ರ ಡಿಸೆಂಬರ್ 31ಕ್ಕೆ ಮುಗಿದಿದೆ. ಹೊಸ ಮುದ್ರಣಗಳು ಬರುತ್ತವೆ ಎಂದು ನನಗೆ ಆಸೆ.

ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕೊಡುವ ಮೊದಲು ಕಾದಂಬರಿ ಓದುವ ಅಭ್ಯಾಸವಿರುವ ಒಬ್ಬರಿಗೆ ಕೊಡಿ, ಬರೆಯುವವರೇ ಆಗಬೇಕೆಂದಿಲ್ಲ. ‘ಹೇಗಿದೆ?’ ಎಂದು ಕೇಳಬೇಡಿ, ಚೆನ್ನಾಗಿದೆ ಎನ್ನುತ್ತಾರೆ. ಯಾವ ಪುಟದಲ್ಲಿ ಎದ್ದು ಬೇರೆ ಕೆಲಸಕ್ಕೆ ಹೋದಿರಿ, ಎಲ್ಲಿ ‘ಇವರಿಬ್ಬರೂ ಈಗಲೇ ಮಾತಾಡಿಕೊಂಡರೆ ಮುಗಿಯಿತಲ್ಲ’ ಅನ್ನಿಸಿತು ಎಂದು ಕೇಳಿ. ಅವರು ತೋರಿಸಿದ ಪುಟದಿಂದ ತಿದ್ದಲು ಶುರುಮಾಡಿ.